ಕಸಿಗೆ ಕಾವಲು

ಮಾವಿನ ಗಿಡಕ್ಕೆ ಕಸಿ ಕಟ್ಟಿದ ತೋಟಗಾರನಿಗೆ ಅವಸರವಿಲ್ಲ. ಕಡ್ಡಿ ಹಿಡಿಯಿತೋ ಒಣಗಿತೋ ಎಂಬುದು ಕೆಲವು ವಾರಗಳಲ್ಲಿ ತಾನಾಗಿಯೇ ತಿಳಿಯುತ್ತದೆ. ಮನುಷ್ಯನ ಮೈಗೆ ಅವನದೇ ಮಾಂಸವನ್ನು ಕಸಿಮಾಡುವ ವೈದ್ಯನಿಗೆ ಅಷ್ಟು ಬಿಡುವೆಲ್ಲಿ? ಅವನ ಲೆಕ್ಕವೆಲ್ಲ ಗಂಟೆಗಳದು.

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಕಾಮಾಕ್ಷಿಪಾಳ್ಯದ ಓಣಿಗಳಲ್ಲಿ ನಡೆದು ಬಂದವರಿಗೆ ಯಂತ್ರಗಳ ಸದ್ದು ಪರಿಚಿತ. ಪವರ್ ಪ್ರೆಸ್ಸಿನ ಬಾಯಿಗೆ ಕೈ ಸಿಕ್ಕಿದರೆ ಚರ್ಮ, ಮಾಂಸ ಹರಿದು ಎಲುಬು ಕಾಣುತ್ತದೆ. ದುಡಿಯುವವನಿಗೆ ಆ ಕೈಯೇ ಅನ್ನ. ಇಂಥ ಗಾಯವನ್ನು ಮುಚ್ಚಲು ಶಸ್ತ್ರವೈದ್ಯರು ತೊಡೆಯ ಚರ್ಮ-ಕೊಬ್ಬುಗಳ ತುಂಡೊಂದನ್ನು ರಕ್ತನಾಳಗಳ ಸಹಿತ ಬಿಡಿಸಿ ತಂದು, ಸೂಕ್ಷ್ಮದರ್ಶಕದ ಕೆಳಗೆ ಕೈಯ ನಾಳಗಳಿಗೆ ಹೊಲಿಯುತ್ತಾರೆ. ನಾಳದ ಅಗಲ 1ರಿಂದ 3 ಮಿಲಿಮೀಟರ್. ದಾರವೋ ತಲೆಗೂದಲಿಗಿಂತ ತೆಳು. ಮೆಲ್ಬರ್ನ್ ನಗರದಲ್ಲಿ ಡೇನಿಯಲ್ ಮತ್ತು ಟೇಲರ್ ಎಂಬ ವೈದ್ಯರು ತೊಡೆಸಂದಿನ ಚರ್ಮವನ್ನು ಕಾಲಿನ ಗಾಯಕ್ಕೆ ಹೀಗೆ ಜೋಡಿಸಿದ ವರದಿ 1973ರಲ್ಲಿ ಪ್ರಕಟವಾಯಿತು.

ಹಿಂದಿನವರು ಇಷ್ಟು ಸಾಹಸಕ್ಕೆ ಇಳಿದವರಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕೋವಾಸ್ಜಿ ಎಂಬವನು ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದವನು. ಪುಣೆಯ ಕಡೆ ಅವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹುಬ್ಬುಗಳ ನಡುವೆ ಚರ್ಮದ ಸೇತುವೆಯೊಂದನ್ನು ಸುಮಾರು 25 ದಿನ ಕತ್ತರಿಸದೆ ಉಳಿಸಿದ್ದರು. ಹೊಸ ಮೂಗಿಗೆ ರಕ್ತ ಅದರ ಮೂಲಕವೇ ಹರಿಯಿತು. ಇಂದಿನ ಸೂಕ್ಷ್ಮ ಶಸ್ತ್ರಕ್ರಿಯೆಯಲ್ಲಿ ಆ ಸೇತುವೆಯಿಲ್ಲ. ಹೊಲಿಗೆಯ ಬಳಿ ರಕ್ತ ಹೆಪ್ಪುಗಟ್ಟಿತೆಂದರೆ ಕಸಿ ಸತ್ತಂತೆಯೇ. ಹಾಗಾಗುವುದು ಬಹುಪಾಲು ಮೊದಲ ಮೂರು ದಿನಗಳಲ್ಲಿ.

ಆದಕಾರಣ ಮೊದಲ ದಿನವಂತೂ ಗಂಟೆಗೊಮ್ಮೆ ದಾದಿಯರು ಬಂದು ನೋಡುತ್ತಾರೆ. ಕಸಿ ಬಿಳಚಿ ತಣ್ಣಗಾಗಿದ್ದರೆ ರಕ್ತ ಒಳಬರುತ್ತಿಲ್ಲ. ನೇರಳೆಗೆ ತಿರುಗಿ ಬಿಗಿದು ಊದಿದ್ದರೆ ಬಂದ ರಕ್ತ ಹಿಂದಿರುಗುತ್ತಿಲ್ಲ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪು ಎರಡು ಮೂರು ಸೆಕೆಂಡುಗಳಲ್ಲಿ ಮಾಯವಾಗಬೇಕು. ತಡವಾದರೂ ಕೆಡುಕು, ಕ್ಷಣಾರ್ಧದಲ್ಲಿ ಕೆಂಪೇರಿದರೂ ಕೆಡುಕು! ಕಪ್ಪು ಮೈಬಣ್ಣದಲ್ಲಿ ಈ ಛಾಯೆಗಳು ಸುಲಭವಾಗಿ ಕಾಣವು. ಆಗ ಸೂಜಿಯಿಂದ ಚುಚ್ಚಿ ನೋಡುವುದುಂಟು. ಹೊಳೆವ ಕೆಂಪು ಹನಿ ಮೆಲ್ಲನೆ ಮೂಡಿದರೆ ನೆಮ್ಮದಿ. ಕರಿಗೆಂಪು ರಕ್ತ ಥಟ್ಟನೆ ಉಕ್ಕಿದರೆ ಅಭಿಧಮನಿ ಕಟ್ಟಿಕೊಂಡಿದೆ.

ಕಿವಿಗೂ ಇಲ್ಲಿ ಕೆಲಸವಿದೆ. ಕೆಂಗೇರಿಯಲ್ಲಿ ನಿಲ್ಲದೆ ಓಡುವ ರೈಲಿನ ಕೂಗು, ನಮ್ಮನ್ನು ದಾಟಿದೊಡನೆ ಶ್ರುತಿ ತಗ್ಗುವುದನ್ನು ವಾಚಕರು ಕೇಳಿದ್ದಾರಷ್ಟೆ? ಆಸ್ಟ್ರಿಯದ ಡಾಪ್ಲರ್ 1842ರಲ್ಲಿ ಮಂಡಿಸಿದ ಆ ತತ್ತ್ವದಿಂದಲೇ ಪೆನ್ನಿನಂಥ ಉಪಕರಣವೊಂದು ನಾಳದೊಳಗಿನ ಹರಿವನ್ನು ಸದ್ದಾಗಿ ಕೇಳಿಸುತ್ತದೆ. ಆದರೆ ಪಕ್ಕದ ನಾಳದ ಸದ್ದನ್ನೇ ಕಸಿಯದೆಂದು ಭ್ರಮಿಸುವ ಅಪಾಯವೂ ಇದೆ. ಯಂತ್ರ ಬಂದರೂ ಕಣ್ಣಿನ ಕೆಲಸ ತಪ್ಪಲಿಲ್ಲ.

ಸಂಶಯ ಬಲವಾದರೆ ಬೆಳಗಾಗಲೆಂದು ಕಾಯುವಂತಿಲ್ಲ. ನಡುರಾತ್ರಿಯಾದರೂ ರೋಗಿಯನ್ನು ಮತ್ತೆ ಶಸ್ತ್ರಾಗಾರಕ್ಕೆ ಒಯ್ದು, ಹೊಲಿಗೆ ಬಿಚ್ಚಿ ಹೆಪ್ಪು ತೆಗೆಯಬೇಕು. ಬೇಗ ಒಯ್ದಷ್ಟೂ ಕಸಿ ಉಳಿಯುವ ಆಸೆ ಹೆಚ್ಚು. ಅಭಿಧಮನಿಯನ್ನು ಸರಿಪಡಿಸಲಾಗದ ಕಡೆ ಜಿಗಣೆ ಹಚ್ಚಿ, ನಿಂತ ರಕ್ತವನ್ನು ಹೀರಿಸುವುದೂ ಉಂಟು. ಮಲೆನಾಡಿನವರು ನಕ್ಕಾರು! ಸುಶ್ರುತನಿಗೆ ತಿಳಿದಿದ್ದ ಈ ಜಂತುವಿನ ಬಳಕೆಗೆ ಅಮೆರಿಕ 2004ರಲ್ಲಿ ಅಧಿಕೃತ ಅನುಮತಿ ನೀಡಿತು.

ರೋಗಿಯನ್ನು ನೋಡಹೋಗುವ ಬಂಧುಗಳಿಗೆ ಒಂದು ಮಾತು. ಬೀಡಿ-ಸಿಗರೇಟಿನ ಹೊಗೆ ನಾಳಗಳನ್ನು ಕುಗ್ಗಿಸುತ್ತದೆ. ಅದನ್ನು ಹಾಸಿಗೆಯ ಹತ್ತಿರ ತರಬೇಡಿ. ಮರುಕದಿಂದ ಕೈಯ ಮೇಲೆ ಹೊದಿಕೆ ಎಳೆಯಬೇಡಿ. ನಿದ್ದೆ ಕೆಡುತ್ತದೆಂದು ದೀಪ ಆರಿಸಲೂ ಹೇಳಬೇಡಿ. ಇನ್ನೊಂದು ಗಂಟೆಗೆ ದಾದಿ ಬಂದು ಬಣ್ಣ ನೋಡಬೇಕು.