ಚೀಲ ಬದಲಿಸುವವರು ಯಾರು?

ಕೆಜಿಎಫ್‌ನಲ್ಲಿ 75 ದಾಟಿದವರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದೊಡನೆ ನಾನು ಕೇಳುವ ಮಾತು: 'ಈ ವಯಸ್ಸಿನಲ್ಲಿ ಆಪರೇಷನ್ ಏಕೆ?' ಗಡ್ಡೆ ಸ್ನಾಯುಪದರಕ್ಕೆ ಇಳಿದಿದ್ದರೆ ಕೋಶವನ್ನೇ ತೆಗೆಯುವುದು ಪ್ರಮುಖ ಚಿಕಿತ್ಸೆ. ವಯಸ್ಸೊಂದೇ ಅಡ್ಡಿಯಲ್ಲ, ಹೃದಯ, ಮೂತ್ರಪಿಂಡ, ನಡೆದಾಡುವ ಶಕ್ತಿಯನ್ನು ನೋಡಬೇಕು. ವೃದ್ಧರಿಗೆ ಅಪಾಯ ಹೆಚ್ಚೆಂಬುದು ನಿಜ. ಆದರೆ ಅದು ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿಯದು. ನಂತರದ ಮೂರು ತಿಂಗಳು ಸೋಂಕು, ಕರುಳಿನ ತೊಂದರೆಗಳ ಕಾಲ. ಹೊಟ್ಟೆಗೆ ಅಂಟಿಸಿದ ಮೂತ್ರದ ಚೀಲವನ್ನು ದಿನಕ್ಕೆ ಹಲವು ಬಾರಿ ಬರಿದು ಮಾಡಬೇಕು, ಕೆಲವು ದಿನಕ್ಕೊಮ್ಮೆ ಬದಲಿಸಬೇಕು.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಮಕ್ಕಳಲ್ಲಿ ಅನೇಕರು ನಸುಕಿನ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಗಲಿಡೀ ಮನೆಯಲ್ಲಿ ಮುದುಕರಿಬ್ಬರೇ. ಚೀಲದ ಆರೈಕೆ ಬಲ್ಲ ಒಬ್ಬ ನರ್ಸ್ ಬಂಗಾರಪೇಟೆಯ ಆಸ್ಪತ್ರೆಯಲ್ಲಿ, ಒಬ್ಬರು ಕೆಜಿಎಫ್‌ನಲ್ಲಿ ಸಿಗುವಂತಾದರೆ, ಚರ್ಮ ಕೆಂಪಾಯಿತೆಂದು ತೋರಿಸಲು ವೃದ್ಧರು ಬೆಂಗಳೂರಿನ ಕಿದ್ವಾಯಿಗೆ ಓಡಬೇಕಿಲ್ಲ.