ಊರೂರು ಸುತ್ತುವ ಉದ್ಯೋಗಿಗಳ ಕಿಸೆಯಲ್ಲಿ ಇರಬೇಕಾದ ಚೀಟಿ

'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ಆದರೆ ಹೊಟ್ಟೆಪಾಡಿಗಾಗಿ ವಾರಕ್ಕೆರಡು ಸಲ ಮುಂಬಯಿಯಿಂದ ವಾಪಿ, ಸೂರತ್, ಪುಣೆ, ಸೊಲ್ಲಾಪುರ ಎಂದು ಸುತ್ತುವವರಿಗೆ ಕೋಶ ಓದಲು ಪುರುಸೊತ್ತೆಲ್ಲಿ? ಔಷಧ ಕಂಪೆನಿಗಳ ಪ್ರತಿನಿಧಿಗಳು, ಯಂತ್ರದ ಬಿಡಿಭಾಗ ಮಾರುವವರು, ಎರಡು ಮೂರು ಊರುಗಳಲ್ಲಿ ಹೊಟೇಲು ನಡೆಸುವವರು, ಲೆಕ್ಕ ತಪಾಸಣೆಗೆ ಹೋಗುವವರು - ಹೀಗೆ ಅರ್ಧ ಬದುಕನ್ನು ರೈಲಿನಲ್ಲೇ ಕಳೆಯುವ ಮುಂಬಯಿ ಕನ್ನಡಿಗರು ಬಹಳ ಮಂದಿ.

ಡೊಂಬಿವಲಿಯ ಮಾರಾಟ ಪ್ರತಿನಿಧಿಯೊಬ್ಬರು ಇಪ್ಪತ್ತು ವರ್ಷಗಳಿಂದ ಗುಜರಾತಿಗೆ ಓಡಾಡುತ್ತಿರುವವರು. ಅನುಭವಕ್ಕೇನೂ ಕೊರತೆಯಿರಲಿಲ್ಲ. ಆದರೂ ಒಂದು ರಾತ್ರಿ ಪ್ರಯಾಣದಲ್ಲಿ, ತಲೆದಿಂಬಿನ ಬಳಿ ಇಟ್ಟಿದ್ದ ಮೊಬೈಲು ಕಳವಾಯಿತು. ಹಣ, ಹೊಟೇಲಿನ ವಿಳಾಸ, ಕಾಣಬೇಕಾದ ಗ್ರಾಹಕರ ನಂಬರು ಎಲ್ಲವೂ ಅದರೊಳಗೆ. ಬೆಳಿಗ್ಗೆ ವಡೋದರಾ ನಿಲ್ದಾಣದಲ್ಲಿ ಇಳಿದಾಗ ಚಹಾ ಕುಡಿಯಲೂ ಕಿಸೆಯಲ್ಲಿ ಕಾಸಿಲ್ಲ. ಯಾರದಾದರೂ ಫೋನಿನಿಂದ ಮನೆಗೆ ಮಾತನಾಡೋಣವೆಂದರೆ ಹೆಂಡತಿಯ ನಂಬರೇ ಬಾಯಿಪಾಠವಿಲ್ಲ! ಇತ್ತ ಸಕ್ಕರೆ ಕಾಯಿಲೆಯ ಗಂಡನಿಗೆ ಏನಾಯಿತೋ ಎಂದು ಆಕೆ ಮಧ್ಯಾಹ್ನದವರೆಗೂ ಬಂದಾದ ಫೋನಿಗೆ ಕರೆ ಮಾಡುತ್ತಲೇ ಇದ್ದರು. ಇಂಥ ಫಜೀತಿ ಯಾರಿಗೂ ಬರಬಾರದೆಂದರೆ ಕೆಲವು ಮುನ್ನೆಚ್ಚರಿಕೆಗಳು ಅಗತ್ಯ.

ಟಿಕೆಟಿನ ಲೆಕ್ಕಾಚಾರ

ರೈಲು ಟಿಕೆಟನ್ನು 120 ದಿನ ಮೊದಲೇ ಕಾದಿರಿಸುವ ಕಾಲ ಹೋಯಿತು. 2024ರ ನವೆಂಬರ್ 1ರಿಂದ ಈ ಅವಧಿ 60 ದಿನಗಳಿಗೆ ಇಳಿದಿದೆ. ತತ್ಕಾಲ್ ಟಿಕೆಟ್ ಪ್ರಯಾಣದ ಹಿಂದಿನ ದಿನ ಎ.ಸಿ. ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದ ದರ್ಜೆಗಳಿಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾದ್ದರಿಂದ, ತಮ್ಮ ಖಾತೆಗೆ ಆಧಾರ್ ಜೋಡಣೆಯನ್ನು ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಹತ್ತು ಗಂಟೆಗೆ ಕುಳಿತು ಜೋಡಿಸಲು ಹೊರಟರೆ ಟಿಕೆಟ್ ಇನ್ನೊಬ್ಬರ ಪಾಲಾಗಿರುತ್ತದೆ. ಖಚಿತಗೊಂಡ ತತ್ಕಾಲ್ ಟಿಕೆಟನ್ನು ರದ್ದುಪಡಿಸಿದರೆ ಹಣ ಮರಳದು ಎಂಬುದೂ ನೆನಪಿರಲಿ.

ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹತ್ತುವ ನಿಲ್ದಾಣದಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣ ಬೇಡವೆನಿಸಿದರೆ ಪೂರ್ತಿ ಹಣ ವಾಪಸು ಪಡೆಯಬಹುದು. ಆದರೆ ಇ-ಟಿಕೆಟಿನವರು ರೈಲು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಟಿ.ಡಿ.ಆರ್. ಸಲ್ಲಿಸಬೇಕು. ಮನೆಗೆ ಹೋಗಿ ನಿಧಾನವಾಗಿ ನೋಡೋಣ ಎಂದವರ ಹಣ ಹೋದಂತೆಯೇ.

ನಿಲ್ದಾಣ ಯಾವುದು?

ಮುಂಬಯಿಯಲ್ಲಿ ಸಿ.ಎಸ್.ಎಂ.ಟಿ., ಕುರ್ಲಾ ಟರ್ಮಿನಸ್, ದಾದರ್, ಬಾಂದ್ರಾ, ಮುಂಬಯಿ ಸೆಂಟ್ರಲ್. ಬೆಂಗಳೂರಿನಲ್ಲಿ ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಹೆಸರನ್ನು ಸರಿಯಾಗಿ ಓದದೆ ಒಂದಕ್ಕೆ ಹೋಗಿ ಇನ್ನೊಂದರ ರೈಲು ತಪ್ಪಿಸಿಕೊಂಡವರಿದ್ದಾರೆ. 2025ರ ಡಿಸೆಂಬರಿನಿಂದ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣವೂ ಸೇವೆ ಆರಂಭಿಸಿದೆ. ಬೊರಿವಲಿಯಿಂದ ಹೊರಡುವವರು ಟಿಕೆಟ್ ಅಗ್ಗವೆಂದು ಸಂತೋಷಪಡುವ ಮೊದಲು, ವಿಮಾನ ಎಲ್ಲಿಂದ ಹಾರುತ್ತದೆಂದು ನೋಡಿಕೊಳ್ಳುವುದು ಲೇಸು. ಮಂಗಳೂರು, ಉಡುಪಿಯತ್ತ ಹೋಗುವವರು ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುವುದನ್ನೂ ಗಮನಿಸಬೇಕು.

ಹಣ ಮತ್ತು ಬಿಲ್ಲು

ಹಣವೆಲ್ಲ ಒಂದೇ ಕಡೆ ಇರಕೂಡದು. ಒಂದು ಕಾರ್ಡು ಪರ್ಸಿನಲ್ಲಿ, ಇನ್ನೊಂದು ಚೀಲದೊಳಗೆ, ಸಾವಿರ ರೂಪಾಯಿಯಷ್ಟು ನಗದು ಒಳಕಿಸೆಯಲ್ಲಿ ಇರಲಿ. ಮೊಬೈಲು ಕಳವಾದರೆ ಮೊದಲ ಕೆಲಸ ಸಿಮ್ ಮತ್ತು ಬ್ಯಾಂಕಿನ ವ್ಯವಹಾರಗಳನ್ನು ನಿಲ್ಲಿಸುವುದು. ಪೊಲೀಸ್ ದೂರು ಅದರ ಬೆನ್ನಿಗೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಸರಕಾರದ 'ಸಂಚಾರ್ ಸಾಥಿ' ತಾಣದ ಮೂಲಕ ಕಳವಾದ ಫೋನನ್ನೇ ನಿರ್ಬಂಧಿಸಬಹುದು. ಅದಕ್ಕೆ ಬೇಕಾದ ಐ.ಎಂ.ಇ.ಐ. ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟಿರಬೇಕು. ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ಕೂಡಲೇ ತಿಳಿಸಬೇಕು. ತಡಮಾಡಿದಷ್ಟೂ ಹಣ ಕೈತಪ್ಪುವ ಸಂಭವ ಹೆಚ್ಚು.

ಸ್ವಂತ ವ್ಯಾಪಾರದವರು ವಿಮಾನ ಟಿಕೆಟ್ ಕೊಳ್ಳುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಿಸಬೇಕು. ಆದರೆ ಪರರಾಜ್ಯದ ವಸತಿಗೃಹದ ಬಾಡಿಗೆಗೆ ಆ ರಾಜ್ಯದ ತೆರಿಗೆ ಬೀಳುವುದರಿಂದ, ಅಲ್ಲಿ ನೋಂದಣಿ ಇಲ್ಲದವರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ. ಲೆಕ್ಕ ಹಾಕುವಾಗ ಇದನ್ನು ಖರ್ಚೆಂದೇ ಹಿಡಿಯಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಸಾಮಾನ್ಯವಾಗಿ ಆದಾಯ ತೆರಿಗೆಯಲ್ಲಿ ಆ ಖರ್ಚು ಮಾನ್ಯವಾಗದು. ಬಿಲ್ಲುಗಳನ್ನು ಅಂದಂದೇ ಫೋಟೋ ತೆಗೆದು, ಹಿಂಬದಿಯಲ್ಲಿ ಯಾತಕ್ಕೆಂದು ಬರೆದಿಟ್ಟರೆ ತಿಂಗಳ ಕೊನೆಗೆ ತಲೆ ಕೆರೆದುಕೊಳ್ಳುವ ಪ್ರಮೇಯವಿರದು.

ಆರೋಗ್ಯವೇ ಭಾಗ್ಯ

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಬೇಕು. ಎರಡು ದಿನದ ಪ್ರಯಾಣವಾದರೆ ನಾಲ್ಕು ದಿನಕ್ಕಾಗುವಷ್ಟು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದ ಸಾಮಾನು ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಬಾರದು. ಪವರ್ ಬ್ಯಾಂಕೂ ಅಷ್ಟೇ, ಅದನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು. ರಾತ್ರಿ ಹತ್ತಕ್ಕೆ ಗ್ರಾಹಕರ ಜೊತೆ ಎಣ್ಣೆ ತಿಂಡಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಾಲ್ಕು ಚಹಾ - ಈ ಕ್ರಮ ಹತ್ತು ವರ್ಷ ನಡೆದರೆ ಸಂಪಾದಿಸಿದ್ದೆಲ್ಲ ವೈದ್ಯರ ಪಾಲು. ಮನೆಯಿಂದ ತಂದ ಚಪಾತಿ-ಪಲ್ಯ, ಅವಲಕ್ಕಿ, ಎರಡು ಬಾಳೆಹಣ್ಣು ಇದ್ದರೆ ಯಾವ ರೈಲು ತಡವಾದರೂ ಚಿಂತೆಯಿಲ್ಲ.

ಇನ್ನು ಆ ಡೊಂಬಿವಲಿಯ ಗೃಹಸ್ಥರ ವಿಷಯ. ಅಂದು ನಿಲ್ದಾಣದ ಪೊಲೀಸರೇ ಚಹಾ ಕೊಡಿಸಿ, ಅವರ ಕಂಪೆನಿಯ ಕಚೇರಿಯ ನಂಬರು ಹುಡುಕಿ ಕರೆ ಮಾಡಿಸಿದರು. ಕಚೇರಿಯಿಂದ ಮನೆಗೆ ಸುದ್ದಿ ಮುಟ್ಟುವಾಗ ಗಂಟೆ ಎರಡಾಗಿತ್ತು. ಊರಿಗೆ ಮರಳಿದ ಗಂಡನಿಗೆ ಹೆಂಡತಿ ಹೊಸ ಮೊಬೈಲಿನ ಮಾತೆತ್ತಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು ತನ್ನ ನಂಬರು, ಮಗನ ನಂಬರು, ಬ್ಯಾಂಕಿನ ನಂಬರು, ರಕ್ತದ ಗುಂಪು, ಮಾತ್ರೆಗಳ ಹೆಸರು ಬರೆದು ಅಂಗಿಯ ಕಿಸೆಗೆ ತುರುಕಿದರು. ಅವರ ಪ್ರಯಾಣದ ವಿವರ, ತಂಗುವ ಹೊಟೇಲಿನ ಹೆಸರು ಬರೆದ ಇನ್ನೊಂದು ಚೀಟಿ ಈಗ ಪ್ರತಿ ವಾರವೂ ಮನೆಯ ದೇವರ ಫೋಟೋದ ಹಿಂದೆ ಇರುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಊರೂರು ಸುತ್ತುವ ಪ್ರತಿಯೊಬ್ಬರೂ ಇಂದೇ ಮಾಡಿಕೊಳ್ಳಬಹುದು.