ಕತ್ತಿನ ಬೆನ್ನೆಲುಬಿನ ಆಘಾತಗಳು: ದಾಖಲೆ ಮತ್ತು ಸಂಕೇತಾಂಕ

ಈಜಿಪ್ಟಿನಲ್ಲಿ ಕ್ರಿ. ಪೂ. 1600ರ ಸುಮಾರಿಗೆ ಬರೆದ ಒಂದು ವೈದ್ಯಗ್ರಂಥದ ಸುರುಳಿಯು ಎಡ್ವಿನ್ ಸ್ಮಿತ್ ಪಪೈರಸ್ ಎಂದು ಪ್ರಸಿದ್ಧವಾಗಿದೆ. ಬ್ರೆಸ್ಟೆಡ್ ಎಂಬ ವಿದ್ವಾಂಸರು 1930ರಲ್ಲಿ ಅದನ್ನು ಅನುವಾದದೊಡನೆ ಪ್ರಕಟಿಸಿದರು. ಅದರಲ್ಲಿರುವ 48 ಪ್ರಕರಣಗಳಲ್ಲಿ ಕೆಲವು ಕತ್ತಿನ ಮೂಳೆಗಳಿಗೆ ಸಂಬಂಧಿಸಿದವು. ಉಳುಕಿದ ಕತ್ತು ಬೇರೆ, ಕೀಲು ತಪ್ಪಿದ ಕತ್ತು ಬೇರೆ, ಒಂದು ಮಣಿಯು ಇನ್ನೊಂದರೊಳಕ್ಕೆ ನುಗ್ಗಿ ಜಜ್ಜಿದ ಕತ್ತು ಬೇರೆ ಎಂದು ಆ ವೈದ್ಯನು ವಿಂಗಡಿಸಿದ್ದಾನೆ. ಗಾಯಾಳುವಿಗೆ ತನ್ನ ಕೈಕಾಲುಗಳ ಅರಿವಿದೆಯೇ ಇಲ್ಲವೇ ಎಂಬುದನ್ನು ಗುರುತಿಸಿದ್ದಾನೆ. ಜಜ್ಜಿದ ಕತ್ತಿನ ಪ್ರಕರಣದಲ್ಲಿ ತಲೆಕೆಳಗಾಗಿ ಬಿದ್ದದ್ದೇ ಕಾರಣವೆಂದೂ ಹೇಳಿದ್ದಾನೆ. ಗಾಯದ ಸ್ಥಾನ, ಅದರ ಸ್ವರೂಪ, ನರಗಳ ಸ್ಥಿತಿ, ಒದಗಿದ ಕಾರಣ: ಇಂದಿನ ಆಸ್ಪತ್ರೆಯ ದಾಖಲೆಯಿಂದ ನಾವು ಅಪೇಕ್ಷಿಸುವುದೂ ಈ ನಾಲ್ಕು ಅಂಶಗಳನ್ನೇ. ಈ ದಾಖಲೆಯು ಸಂಕೇತಾಂಕವಾಗಿ ಮಾರ್ಪಡುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವೆವು.

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಮೂಲವು 1893ರಲ್ಲಿ ಜಾಕ್ ಬೆರ್ಟಿಯೋ ಅವರು ಮಂಡಿಸಿದ ಮರಣಕಾರಣಗಳ ಪಟ್ಟಿಯಲ್ಲಿದೆ. 1948ರ ಆರನೆಯ ಪರಿಷ್ಕರಣದಿಂದ ಅದರ ಹೊಣೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿತು. ಹತ್ತನೆಯ ಪರಿಷ್ಕರಣವು 1990ರಲ್ಲಿ ಅಂಗೀಕೃತವಾಯಿತು. ಹನ್ನೊಂದನೆಯದು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೂ ಹತ್ತನೆಯದು ಇನ್ನೂ ಅನೇಕ ಕಡೆ ಬಳಕೆಯಲ್ಲಿರುವುದರಿಂದ ನಮ್ಮ ವಿವೇಚನೆಯನ್ನು ಅದಕ್ಕೇ ಸೀಮಿತಗೊಳಿಸಿದ್ದೇವೆ.

ಅದರಲ್ಲಿ ಕತ್ತಿನ ಗಾಯಗಳಿಗೆಲ್ಲ ಎಸ್ 10ರಿಂದ ಎಸ್ 19ರವರೆಗಿನ ಅಂಕಗಳು ಮೀಸಲಾಗಿವೆ. ಬೆನ್ನೆಲುಬಿಗೆ ಸಂಬಂಧಿಸಿದಂತೆ ಇವುಗಳಲ್ಲಿ ಮೂರು ಮುಖ್ಯ. ಎಸ್ 12 ಮೂಳೆಮುರಿತಕ್ಕೆ, ಎಸ್ 13 ಕೀಲುತಪ್ಪು ಮತ್ತು ಉಳುಕಿಗೆ, ಎಸ್ 14 ನರ ಮತ್ತು ಬೆನ್ನುಹುರಿಯ ಗಾಯಕ್ಕೆ ಸಲ್ಲುತ್ತವೆ. ಕತ್ತಿನಲ್ಲಿರುವ ಏಳು ಮಣಿಗಳಲ್ಲಿ ಮೊದಲನೆಯದರ ಮುರಿತಕ್ಕೆ ಎಸ್ 12.0, ಎರಡನೆಯದಕ್ಕೆ ಎಸ್ 12.1, ನಿರ್ದಿಷ್ಟವಾಗಿ ಹೇಳಿದ ಇತರ ಮಣಿಗೆ ಎಸ್ 12.2, ಹಲವು ಮಣಿಗಳು ಮುರಿದಿದ್ದರೆ ಎಸ್ 12.7. ಯಾವ ಭಾಗವೆಂದು ಹೇಳದೆ "ಕತ್ತು ಮುರಿದಿದೆ" ಎಂದಷ್ಟೇ ಬರೆದಿದ್ದರೆ ಎಸ್ 12.9 ಎಂಬ ಅಸ್ಪಷ್ಟ ಅಂಕವೇ ಗತಿ. ಅಂಕವನ್ನು ಬರೆಯುವವನು ವೈದ್ಯನಲ್ಲ. ಕ್ಷಕಿರಣ ಚಿತ್ರವನ್ನು ನೋಡಿ ತಾನೇ ರೋಗನಿರ್ಣಯ ಮಾಡುವ ಅಧಿಕಾರ ಅವನಿಗಿಲ್ಲ. ವೈದ್ಯನು ಬರೆಯದೆ ಬಿಟ್ಟದ್ದು ಅಂಕದಲ್ಲಿಯೂ ಬಿಟ್ಟುಹೋಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಸಂಗತಿಯನ್ನು ವಿವರಿಸುವುದು ಅವಶ್ಯ. ಮೂಳೆಯ ಗಾಯ ಒಂದು, ಬೆನ್ನುಹುರಿಯ ಗಾಯ ಇನ್ನೊಂದು. ಮಣಿ ಮುರಿದರೂ ಹುರಿ ಕ್ಷೇಮವಾಗಿರಬಹುದು. ಮಣಿ ಮುರಿಯದೆಯೇ ಹುರಿ ಘಾಸಿಗೊಳ್ಳುವುದೂ ಉಂಟು. ವಯೋವೃದ್ಧರ ಕತ್ತಿನ ನಾಳವು ಮೊದಲೇ ಕಿರಿದಾಗಿರುವಾಗ ಅವರು ಮುಗ್ಗರಿಸಿ ಬಿದ್ದು ಕತ್ತು ಹಿಂದಕ್ಕೆ ಬಾಗಿದರೆ, ಕಾಲುಗಳಿಗಿಂತ ಕೈಗಳು ಹೆಚ್ಚಾಗಿ ದುರ್ಬಲಗೊಳ್ಳುವುದುಂಟು. ಷ್ನೈಡರ್ ಮತ್ತು ಅವರ ಸಹೋದ್ಯೋಗಿಗಳು 1954ರಲ್ಲಿ ವರ್ಣಿಸಿದ ಕೇಂದ್ರ ಹುರಿಯ ಲಕ್ಷಣಕೂಟ ಇದೇ. ಮೇಲಾಗಿ, ಕತ್ತಿನ ಮಣಿಗಳು ಏಳಾದರೆ ಅಲ್ಲಿಯ ಹುರಿಯ ಖಂಡಗಳು ಎಂಟು. ಆದ್ದರಿಂದ "ಐದನೆಯ ಮಟ್ಟದ ಗಾಯ" ಎಂದು ಬರೆದರೆ ಅದು ಮೂಳೆಯ ಮಟ್ಟವೋ ನರದ ಮಟ್ಟವೋ ತಿಳಿಯುವುದಿಲ್ಲ. ಈ ಭೇದವು ಕೇವಲ ಪಾಂಡಿತ್ಯದ ಮಾತಲ್ಲ. ಉಸಿರಾಟದ ವಪೆಯನ್ನು ನಡೆಸುವ ನರವು ಮೂರು, ನಾಲ್ಕು, ಐದನೆಯ ಖಂಡಗಳಿಂದ ಹೊರಡುತ್ತದೆ. ಅದಕ್ಕಿಂತ ಮೇಲೆ ಹುರಿ ಪೂರ್ಣವಾಗಿ ತುಂಡಾದವನು ಯಂತ್ರದ ನೆರವಿಲ್ಲದೆ ಉಸಿರಾಡಲಾರ. ಏಳನೆಯದರ ಕೆಳಗೆ ಗಾಯವಾದವನು ಮೊಣಕೈಯನ್ನು ನೀಡಿ, ಮಣಿಕಟ್ಟನ್ನು ಎತ್ತಬಲ್ಲ. ಹೀಗಿದ್ದೂ ಮೂರನೆಯ ಮಣಿಯ ಮುರಿತಕ್ಕೂ ಏಳನೆಯದರ ಮುರಿತಕ್ಕೂ ಎಸ್ 12.2 ಎಂಬ ಒಂದೇ ಅಂಕವಿದೆ. ಅಂಕ ಇರುವುದರಿಂದ ವಿವರಣೆ ಬೇಡವೆನ್ನುವುದು ತಪ್ಪೆಂಬುದಕ್ಕೆ ಇದೇ ನಿದರ್ಶನ.

ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ವಿಸ್ತೃತ ರೂಪವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ಅಲ್ಲಿ ಮೂರರಿಂದ ಏಳರವರೆಗಿನ ಪ್ರತಿ ಮಣಿಗೂ ಬೇರೆ ಅಂಕವಿದೆ. ಹುರಿಯ ಗಾಯವು ಪೂರ್ಣವೋ ಅಪೂರ್ಣವೋ, ಯಾವ ಮಟ್ಟದ್ದು ಎಂಬುದಕ್ಕೂ ಸ್ಥಾನವಿದೆ. ಎರಡೂ ಇದ್ದರೆ ಹುರಿಯ ಗಾಯವನ್ನು ಮೊದಲು ಬರೆಯಬೇಕು. ಏಳನೆಯ ಸ್ಥಾನದ ಅಕ್ಷರವು ಚಿಕಿತ್ಸೆಯ ಹಂತವನ್ನು ತಿಳಿಸುತ್ತದೆ. ಇದರಲ್ಲಿ "ಪ್ರಾರಂಭ" ಎಂಬುದು ಮೊದಲ ಭೇಟಿಯೆಂದಲ್ಲ. ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವ ಅವಧಿಯೆಂದು ಅರ್ಥ. ಮುರಿತವು ತೆರೆದದ್ದೆಂದು ಬರೆಯದಿದ್ದರೆ ಮುಚ್ಚಿದ್ದೆಂದೂ, ಸ್ಥಾನಪಲ್ಲಟವಿಲ್ಲವೆಂದು ಬರೆಯದಿದ್ದರೆ ಪಲ್ಲಟವಾದದ್ದೆಂದೂ ಭಾವಿಸುವುದು ಅಲ್ಲಿಯ ನಿಯಮ. ಅಂದರೆ ವೈದ್ಯನ ಮೌನಕ್ಕೂ ಒಂದು ಅರ್ಥ ಬಂದುಬಿಡುತ್ತದೆ. ಆ ಅರ್ಥವು ನಿಜಕ್ಕೆ ವಿರುದ್ಧವಾಗಿಯೂ ಇರಬಹುದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಲೆನಾಡಿನ ತೋಟವೊಂದರಲ್ಲಿ ಕೊನೆಗಾರನೊಬ್ಬನು ಅಡಕೆಮರದಿಂದ ಬಿದ್ದನೆಂದೂ, ಐದನೆಯ ಮಣಿ ಮುರಿದು ಕೈಕಾಲುಗಳ ಸ್ವಾಧೀನ ತಪ್ಪಿತೆಂದೂ ಇಟ್ಟುಕೊಳ್ಳೋಣ. ದಾಖಲೆ ಸಮರ್ಪಕವಾಗಿದ್ದರೆ ಮೂರು ಅಂಕಗಳು ದೊರೆಯುತ್ತವೆ: ಮುರಿತಕ್ಕೆ ಎಸ್ 12.2, ಬೆನ್ನುಹುರಿಗೆ ಎಸ್ 14.1, ಮರದಿಂದ ಬಿದ್ದದ್ದಕ್ಕೆ ಡಬ್ಲ್ಯು 14. ಕೊನೆಯದಕ್ಕೆ 7 ಎಂಬುದನ್ನು ಸೇರಿಸಿದರೆ ಘಟನೆ ನಡೆದ ಸ್ಥಳ ತೋಟವೆಂದು ತಿಳಿಯುತ್ತದೆ. ಅವನು ಕೂಲಿಗೆ ದುಡಿಯುತ್ತಿದ್ದನೆಂಬುದನ್ನು ಸೂಚಿಸಲೂ ಪ್ರತ್ಯೇಕ ಅಂಕವಿದೆ. "ಬಿದ್ದು ಪೆಟ್ಟಾಗಿದೆ" ಎಂದಷ್ಟೇ ಬರೆದಲ್ಲಿ ಮರವೂ ಇಲ್ಲ, ತೋಟವೂ ಇಲ್ಲ, ದುಡಿಮೆಯೂ ಇಲ್ಲ. ಪರಿಹಾರವನ್ನು ಕೇಳುವ ಕುಟುಂಬಕ್ಕೆ ಆಧಾರ ತಪ್ಪುತ್ತದೆ. ಮರವೇರುವವರಿಗೆ ಸುರಕ್ಷಾ ಸಾಧನಗಳನ್ನು ಒದಗಿಸಬೇಕೆನ್ನುವವರ ಲೆಕ್ಕದಲ್ಲಿ ಒಂದು ಸಂಖ್ಯೆ ಕಡಮೆಯಾಗುತ್ತದೆ.

ಆತನು ಮೃತನಾದರೆ ಕಾರಣದ ಮಹತ್ತ್ವ ಇನ್ನೂ ಹೆಚ್ಚು. ವರ್ಗೀಕರಣದ ನಿಯಮದಂತೆ ಗಾಯದಿಂದಾದ ಮರಣಕ್ಕೆ ಮೂಲಕಾರಣವೆಂದರೆ ಮುರಿದ ಕತ್ತಲ್ಲ, ಆ ಗಾಯವನ್ನುಂಟುಮಾಡಿದ ಅಪಘಾತ. ಮರಣದ ಪ್ರಮಾಣಪತ್ರದಲ್ಲಿ "ಉಸಿರಾಟ ನಿಂತದ್ದು" ಎಂದು ಮಾತ್ರ ಬರೆದರೆ ಮರಣಹೊಂದಿದ ರೀತಿಯನ್ನು ಹೇಳಿದಂತಾಯಿತೇ ಹೊರತು ಕಾರಣವನ್ನು ಹೇಳಿದಂತಾಗಲಿಲ್ಲ.

ಹೀಗಾಗಿ ಮಣಿಯ ಸಂಖ್ಯೆ, ಮುರಿತದ ಬಗೆ, ಸ್ಥಾನಪಲ್ಲಟ, ಹುರಿಯ ಗಾಯದ ಮಟ್ಟ ಮತ್ತು ಪೂರ್ಣತೆ, ಪರೀಕ್ಷಿಸಿದ ವೇಳೆ, ಆಘಾತದ ಕಾರಣ ಮತ್ತು ಸ್ಥಳ ಇಷ್ಟನ್ನು ವೈದ್ಯನು ಸ್ವಂತ ಮಾತಿನಲ್ಲಿ ಬರೆದಿಡಬೇಕು. ಸಂದೇಹ ಬಂದಾಗ ಅಂಕ ಬರೆಯುವವನು ಊಹಿಸದೆ ವೈದ್ಯನನ್ನು ಕೇಳಬೇಕು. ಐದಾರು ಪದಗಳನ್ನು ಹೆಚ್ಚಾಗಿ ಬರೆಯುವುದರಿಂದ ವ್ಯಯವಾಗುವ ಕಾಲ ಅತ್ಯಲ್ಪ. ಅವನ್ನು ಬರೆಯದಿದ್ದಾಗ ಆಗುವ ನಷ್ಟವನ್ನು ಹೊರುವವನಾದರೋ ಹಾಸಿಗೆಯಲ್ಲಿ ನಿಶ್ಚಲನಾಗಿ ಮಲಗಿರುವ ರೋಗಿ.